ಮೂಡಿಗೆರೆ ಕೋರ್ಟೋ, ಬೆಂಗಳೂರಿನ ಕಚೇರಿಯೋ

ಕಾಫಿ ಸೀಮೆಯ ಯಾವ ಮನೆಯಲ್ಲಿ ಕಾನೂನು ಓದುವ ಮಗನೋ ಮಗಳೋ ಇದ್ದರೂ ಎರಡನೆಯ ವರ್ಷ ದಾಟುವ ಹೊತ್ತಿಗೆ ಒಂದು ಚರ್ಚೆ ಏಳುತ್ತದೆ. ಇಂಟರ್ನ್‌ಶಿಪ್ ಎಲ್ಲಿ ಮಾಡುವುದು? ಊರಿಗೆ ಬಂದು ಮೂಡಿಗೆರೆಯಲ್ಲೋ ಚಿಕ್ಕಮಗಳೂರಿನಲ್ಲೋ ಒಬ್ಬ ವಕೀಲರ ಜೊತೆ ಕೋರ್ಟಿಗೆ ಹೋಗಿಬರುವುದೇ? ಅಥವಾ ಬೆಂಗಳೂರಿನಲ್ಲಿ ಪಿ.ಜಿ. ಹಿಡಿದು ದೊಡ್ಡ ಕಾನೂನು ಸಂಸ್ಥೆಯ ಕಂಪ್ಯೂಟರ್ ಮುಂದೆ ಕೂರುವುದೇ? ಅಪ್ಪ ಅಮ್ಮನಿಗೆ ಖರ್ಚಿನ ಲೆಕ್ಕ, ಮಕ್ಕಳಿಗೆ ಮುಂದಿನ ದಾರಿಯ ಲೆಕ್ಕ. ಎರಡೂ ಕಡೆಯ ಮಾತು ಕೇಳಿದರೆ ಯಾವುದನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೂ ಈ ಎರಡರಲ್ಲಿ ಮೊದಲು ಯಾವುದು ಎಂಬ ಪ್ರಶ್ನೆಗೆ ಉತ್ತರವಿದೆ ಎಂದು ನಾನು ನಂಬುತ್ತೇನೆ. ಆ ಉತ್ತರಕ್ಕೆ ಅಡ್ಡಿಯಾಗಿರುವ ಸಂಗತಿಗಳೂ ಅಷ್ಟೇ ನಿಜ.

ನಿಯಮ ಹೇಳುವುದು ಇಷ್ಟು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಎಲ್‌ಎಲ್‌ಬಿಯವರು ಓದು ಮುಗಿಸುವುದರೊಳಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿನವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಿರಬೇಕು. ವಕೀಲರ ಕಚೇರಿ, ನ್ಯಾಯಾಲಯ, ಸ್ವಯಂಸೇವಾ ಸಂಸ್ಥೆ, ಕಂಪನಿ, ಸ್ಥಳೀಯ ಸಂಸ್ಥೆ, ಶಾಸನಸಭೆ, ಎಲ್ಲಿಯಾದರೂ ಸರಿ. ಆದರೆ ವಿಚಾರಣಾ ನ್ಯಾಯಾಲಯದ ಮತ್ತು ಮೇಲ್ಮನವಿ ನ್ಯಾಯಾಲಯದ ವಕೀಲರ ಬಳಿ ಒಮ್ಮೆಯಾದರೂ ಕಳೆದಿರಬೇಕು. ಒಂದು ವರ್ಷದಲ್ಲಿ ಒಂದೇ ಸಮನೆ ನಾಲ್ಕು ವಾರ ಮೀರುವಂತಿಲ್ಲ. ಇದರ ಜೊತೆಗೆ ಅಣಕು ನ್ಯಾಯಾಲಯ ಮತ್ತು ಇಂಟರ್ನ್‌ಶಿಪ್ ಸೇರಿದ ಪತ್ರಿಕೆಯಲ್ಲಿ ಒಂದು ಸಿವಿಲ್, ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆಯನ್ನು ಕೂತು ನೋಡಿ ಬರೆದದ್ದಕ್ಕೆ 30 ಅಂಕ, ಕಕ್ಷಿದಾರರನ್ನು ಮಾತಾಡಿಸುವುದನ್ನೂ ಕೋರ್ಟಿನ ಕಾಗದಪತ್ರ ತಯಾರಿಸುವುದನ್ನೂ ಗಮನಿಸಿ ಡೈರಿ ಬರೆದದ್ದಕ್ಕೆ ಇನ್ನೊಂದು 30 ಅಂಕ.

ಈ ನಿಯಮ ಬರೆದವರ ಮನಸ್ಸಿನಲ್ಲಿ ಮೂಡಿಗೆರೆಯಂಥ ತಾಲ್ಲೂಕು ಕೋರ್ಟು ಇದ್ದಿರಲೇಬೇಕು. ಅಲ್ಲಿನ ವಕೀಲರ ಕಚೇರಿಗೆ ಬೆಳಿಗ್ಗೆ ಒಂಬತ್ತಕ್ಕೆ ಬಂದು ಕೂತ ವಿದ್ಯಾರ್ಥಿನಿಯೊಬ್ಬಳು ಏನು ನೋಡುತ್ತಾಳೆ? ಮಳೆಗೆ ನೆನೆಯದಿರಲೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದ ಕಾಗದದ ಕಂತೆ. ಅದರಲ್ಲಿ ಅಜ್ಜನ ಕಾಲದ ಸಾಗುವಳಿ ಚೀಟಿ, ಕಂದಾಯ ಕಟ್ಟಿದ ರಸೀದಿಗಳು, ಹೊಸದಾಗಿ ತೆಗೆಸಿದ ಪಹಣಿ, ಮಡಿಕೆ ಹರಿದ ಸರ್ವೆ ನಕ್ಷೆ. ಸೀನಿಯರ್ ಅವಳ ಕೈಗೆ ಕೊಟ್ಟು, “ದಾವಾ ಆಸ್ತಿಯ ಚಕ್ಕುಬಂದಿ ಬರಿ ನೋಡೋಣ” ಎನ್ನುತ್ತಾರೆ. ಅವಳು ಚೀಟಿ ನೋಡಿ ಬರೆಯುತ್ತಾಳೆ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸರ್ಕಾರಿ ಜಮೀನು. ನಕ್ಷೆಯಲ್ಲಿ ಹಳ್ಳ ಉತ್ತರಕ್ಕಿದೆ. ಪಹಣಿಯಲ್ಲಿ ಎರಡು ಎಕರೆ ಹತ್ತು ಗುಂಟೆ, ಚೀಟಿಯಲ್ಲಿ ಎರಡು ಎಕರೆ. ಪೋಡಿ, ಅಂದರೆ ಅಳತೆ ಮಾಡಿ ಹಿಸ್ಸೆ ಬೇರ್ಪಡಿಸುವ ಕೆಲಸ, ಆಗಿಲ್ಲ. ಎದುರಿಗೆ ಕೂತ ಕಕ್ಷಿದಾರರು, “ಹಳ್ಳ ಮೊದ್ಲು ಆಚೆ ಇತ್ತು ಮಗಾ, ಆ ವರ್ಷದ ಮಳೇಲಿ ಈಚೆಗೆ ಬಂತು” ಎನ್ನುತ್ತಾರೆ. ಆಸ್ತಿ ವರ್ಗಾವಣೆ ಕಾಯ್ದೆಯ ಪಾಠದಲ್ಲಿ ಹಳ್ಳ ಹರಿದಾಡುವುದಿಲ್ಲ. ಇಲ್ಲಿ ಹರಿದಾಡುತ್ತದೆ, ಅದರ ಮೇಲೆಯೇ ದಾವೆ ನಿಂತಿರುತ್ತದೆ.

ಈ ಸೀಮೆಯ ಕಾನೂನಿನ ಗಂಟುಗಳು ಬೇರೆಡೆ ಸುಲಭವಾಗಿ ಸಿಗುವಂಥವಲ್ಲ. ಬಗರ್‌ಹುಕುಂ ಸಕ್ರಮಕ್ಕೆ ನಮೂನೆ 50, 53, 57ರ ಅರ್ಜಿಗಳು. ಕರ್ನಾಟಕ ಅರಣ್ಯ ಕಾಯ್ದೆ, 1963ರ ನಾಲ್ಕನೇ ಕಲಮಿನ ಅಧಿಸೂಚನೆ ಹೊರಟು ದಶಕಗಳಾದರೂ ಅಂತಿಮ ಆದೇಶ ಬರದೆ ನೇತಾಡುವ ಜಮೀನುಗಳು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಾಕಿದ ಅರ್ಜಿಗಳು. ಒತ್ತುವರಿಯಾದ ಸರ್ಕಾರಿ ಭೂಮಿಯಲ್ಲಿ ಬೆಳೆದ ಕಾಫಿ ತೋಟವನ್ನು 25 ಎಕರೆವರೆಗೆ 30 ವರ್ಷದ ಗುತ್ತಿಗೆಗೆ ಕೊಡಲು ಭೂಕಂದಾಯ ಕಾಯ್ದೆಗೆ ತಂದ ತಿದ್ದುಪಡಿ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದ ಕುಟುಂಬಕ್ಕೆ ಆ ಮನೆಯ ಮೇಲೆ ಏನು ಹಕ್ಕು ಎಂಬ ಪ್ರಶ್ನೆ. ನೆರಳಿನ ಮರದ ಕೊಂಬೆ ಸವರುವ ಮರಗಸಿ ಮಾಡುವಾಗ ಮರದಿಂದ ಬಿದ್ದವರ, ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿ ಸತ್ತವರ ಮನೆಯವರು ಪರಿಹಾರಕ್ಕೆ ಯಾರನ್ನು ಕೇಳಬೇಕು, ತೋಟದ ಮಾಲೀಕರನ್ನೋ, ಗುತ್ತಿಗೆ ಹಿಡಿದ ಮೇಸ್ತ್ರಿಯನ್ನೋ? ಸತ್ತವನು ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದವನಾಗಿದ್ದರೆ ಅವನ ಹೆಂಡತಿಯ ಹೇಳಿಕೆ ಬರೆದುಕೊಳ್ಳಲು ಭಾಷೆ ಬಲ್ಲವರನ್ನು ಎಲ್ಲಿಂದ ತರುವುದು? ಇವೆಲ್ಲ ಒಂದು ತಿಂಗಳಲ್ಲಿ ಒಂದೇ ಮೇಜಿನ ಮೇಲೆ ಬಂದು ಬೀಳಬಹುದಾದ ಪ್ರಶ್ನೆಗಳು.

ಭಾಷೆಯ ಲಾಭ ಇನ್ನೊಂದು. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಪೂರ್ತಿ ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಕೆಳ ನ್ಯಾಯಾಲಯಗಳ ಭಾಷೆಯೂ ಕನ್ನಡವೇ. ಆದರೂ ವಾದಪತ್ರ, ತಕರಾರು, ಮಧ್ಯಂತರ ಅರ್ಜಿಗಳನ್ನು ಕನ್ನಡದಲ್ಲಿ ಸರಾಗವಾಗಿ ಬರೆಯುವುದನ್ನು ಯಾವ ತರಗತಿಯೂ ಸರಿಯಾಗಿ ಕಲಿಸುವುದಿಲ್ಲ. ಅದನ್ನು ಕಲಿಯುವುದು ತಾಲ್ಲೂಕು ಕೋರ್ಟಿನಲ್ಲಿ. ಪಾಟಿಸವಾಲಿನಲ್ಲಿ ಸಾಕ್ಷಿಯ ಬಾಯಿಂದ ಬಂದ ಒಂದು “ಹೌದು” ಬೆರಳಚ್ಚುಗಾರರ ಪರದೆಯ ಮೇಲೆ ಯಾವ ವಾಕ್ಯವಾಗಿ ಕೂರುತ್ತದೆ ಎಂಬುದನ್ನು ಕಣ್ಣಾರೆ ಕಂಡವನಿಗೆ ಸಾಕ್ಷ್ಯ ಎಂದರೇನೆಂದು ಮತ್ತೆ ಹೇಳಿಕೊಡಬೇಕಿಲ್ಲ. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದ ಮೇಲಂತೂ ಹಳೆಯ ದಂಡಸಂಹಿತೆಯ ಪ್ರಕರಣವೂ ನ್ಯಾಯ ಸಂಹಿತೆಯ ಪ್ರಕರಣವೂ ಒಂದೇ ಬೆಳಿಗ್ಗೆ ಒಂದರ ಹಿಂದೊಂದು ಕೂಗಿಸಿಕೊಳ್ಳುತ್ತವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ವಕೀಲರ ಗುಮಾಸ್ತರ ಹೆಸರನ್ನು ಯಾರೂ ಇಂಟರ್ನ್‌ಶಿಪ್ ಪ್ರಮಾಣಪತ್ರದಲ್ಲಿ ಬರೆಯುವುದಿಲ್ಲ. ಆದರೆ ಕೋರ್ಟ್ ಫೀ ಎಷ್ಟು, ಪ್ರೊಸೆಸ್ ಫೀ ಯಾವಾಗ ಕಟ್ಟಬೇಕು, ಯಾವ ಶಾಖೆಯಲ್ಲಿ ಯಾವ ಕಡತ ಸಿಗುತ್ತದೆ, ಆಕ್ಷೇಪಣೆ ಹಾಕಿ ಹಿಂದಿರುಗಿಸಿದ ಅರ್ಜಿಯನ್ನು ಹೇಗೆ ಸರಿಪಡಿಸಬೇಕು ಎಂಬುದನ್ನು ಕಲಿಸುವವರು ಅವರೇ.

ಇಷ್ಟೆಲ್ಲ ಇದ್ದ ಮೇಲೆ ಮಕ್ಕಳು ಬೆಂಗಳೂರಿನ ಕಡೆ ಯಾಕೆ ಮುಖ ಮಾಡುತ್ತಾರೆ? ಅವರನ್ನು ಬೇರು ಮರೆತವರೆಂದು ದೂರುವ ಹಿರಿಯರಿದ್ದಾರೆ. ನನಗೆ ಆ ದೂರು ಒಪ್ಪಿಗೆಯಿಲ್ಲ. ನಾಲ್ಕು ವಾರದ ಲೆಕ್ಕ ಹಾಕಿ ನೋಡಿ. ತಾಲ್ಲೂಕು ಕೋರ್ಟಿನಲ್ಲಿ ಒಂದು ಸಿವಿಲ್ ದಾವೆಗೆ ಒಂದು ವಾಯಿದೆಯಿಂದ ಇನ್ನೊಂದಕ್ಕೆ ತಿಂಗಳ ಅಂತರ ಸಾಮಾನ್ಯ. ಅಂದರೆ ವಿದ್ಯಾರ್ಥಿ ಬಂದು ಹೋಗುವುದರೊಳಗೆ ಅವನು ಕಡತ ಓದಿದ ಕೇಸು ಒಂದು ಸಲ ಕೂಗಿಸಿಕೊಳ್ಳುತ್ತದೆ, ಆ ದಿನವೂ ಸಾಕ್ಷಿ ಬಂದಿಲ್ಲವೆಂದು ಮುಂದಕ್ಕೆ ಹೋಗುತ್ತದೆ. ಕಾಲೇಜಿಗೆ ಬೇಸಿಗೆ ಬಿಡುವಿದ್ದಾಗ ಸಿವಿಲ್ ನ್ಯಾಯಾಲಯಗಳಿಗೂ ಬೇಸಿಗೆ ರಜೆ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುತ್ತಿದ್ದಂತೆ ರೋಬಸ್ಟಾ. ಆಗ ಕಕ್ಷಿದಾರರೂ ಬರುವುದಿಲ್ಲ, ಸಾಕ್ಷಿಗಳೂ ಬರುವುದಿಲ್ಲ. ಸಣ್ಣ ಬೆಳೆಗಾರರ ಮನೆಯ ವಿದ್ಯಾರ್ಥಿಯಾದರೆ ಅವನೂ ಕಣದಲ್ಲಿ ಬೇಕು. ಹಾಗಾಗಿ ಎರಡು ವಿಚಾರಣೆ ಪೂರ್ತಿ ನೋಡಿದೆ ಎಂದು ಡೈರಿಯಲ್ಲಿ ಬರೆಯಬೇಕಾದವರು ಹಿಂದಿನ ವರ್ಷದವರ ಡೈರಿ ಇಸಿದುಕೊಳ್ಳುತ್ತಾರೆ. ಇದು ಅಲ್ಲೊಬ್ಬರು ಇಲ್ಲೊಬ್ಬರು ಮಾಡುವ ಕಳ್ಳತನವಲ್ಲ. ನಿಯಮ ಕೇಳುವುದಕ್ಕೂ ಕೋರ್ಟು ನಡೆಯುವ ರೀತಿಗೂ ತಾಳೆಯಾಗದೆ ಹುಟ್ಟಿದ ಅಭ್ಯಾಸ.

ಬೆಂಗಳೂರಿನ ಕಚೇರಿಯಲ್ಲಿ ಅದೇ ನಾಲ್ಕು ವಾರಕ್ಕೆ ಒಂದು ಆಕಾರವಿರುತ್ತದೆ. ಸೋಮವಾರ ಒಂದು ಪ್ರಶ್ನೆ ಕೊಡುತ್ತಾರೆ, ಗುರುವಾರ ಟಿಪ್ಪಣಿ ಬೇಕು. ತೀರ್ಪುಗಳ ದತ್ತಸಂಚಯದಲ್ಲಿ ಹುಡುಕಿ, ಪರಸ್ಪರ ಹೊಂದದ ತೀರ್ಪುಗಳನ್ನು ಗುರುತಿಸಿ, ಎರಡು ಪುಟದಲ್ಲಿ ಬರೆದು ಕೊಟ್ಟರೆ ಯಾರಾದರೂ ಕೆಂಪು ಗುರುತು ಹಾಕಿ ವಾಪಸು ಕೊಡುತ್ತಾರೆ. ಬರವಣಿಗೆ ತಿದ್ದಿಸಿಕೊಳ್ಳುವ ಈ ಭಾಗ್ಯ ತಾಲ್ಲೂಕಿನಲ್ಲಿ ಅಪರೂಪ. ಅಲ್ಲಿನ ಸೀನಿಯರ್‌ಗೆ ಮಧ್ಯಾಹ್ನದೊಳಗೆ ಮೂರು ಕೋರ್ಟ್ ಹಾಲ್, ಸಂಜೆಗೆ ತಹಸೀಲ್ದಾರರ ಕಚೇರಿ. ದೊಡ್ಡ ಸಂಸ್ಥೆಗಳಲ್ಲಿ ಕೆಲವು ಕಡೆ ಶಿಷ್ಯವೇತನವೂ ಸಿಗುತ್ತದೆ, ಚೆನ್ನಾಗಿ ಮಾಡಿದವರಿಗೆ ಕೆಲಸದ ಭರವಸೆಯೂ ಸಿಗುತ್ತದೆ. ಹೈಕೋರ್ಟಿನ ಭಾಷೆ ಇಂಗ್ಲಿಷ್. ಅದರ ಎದುರು ಅಳುಕಿಲ್ಲದೆ ನಿಲ್ಲುವುದನ್ನು ಮೂಡಿಗೆರೆಯಲ್ಲಿ ಕೂತು ಕಲಿಯಲಾಗದು. ಹೈಕೋರ್ಟಿನ ಕಲಾಪವನ್ನು ಯೂಟ್ಯೂಬಿನಲ್ಲಿ ನೋಡಬಹುದು, ನಿಜ. ನೋಡುವುದು ಬೇರೆ, ಆ ಕಡತವನ್ನು ಸಿದ್ಧಪಡಿಸುವುದು ಬೇರೆ.

ಇನ್ನೊಂದು ಮಾತನ್ನೂ ಒಪ್ಪಲೇಬೇಕು. ಈ ಗುಡ್ಡಗಳ ದೊಡ್ಡ ಪ್ರಶ್ನೆಗಳು ಇಲ್ಲಿಯೇ ತೀರ್ಮಾನವಾಗುವುದಿಲ್ಲ. ಕಳಸದ ಪಕ್ಕದ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತದ್ದು ಸುಪ್ರೀಂ ಕೋರ್ಟಿನ 2002ರ ಅಕ್ಟೋಬರ್ ತೀರ್ಪಿನಿಂದ. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನ ಆ ಪ್ರಕರಣವನ್ನು ಇಂದು ದೇಶದ ಕಾನೂನು ವಿದ್ಯಾರ್ಥಿಗಳು ಪರಿಸರ ಕಾನೂನಿನ ಪಾಠವಾಗಿ ಓದುತ್ತಾರೆ. 2005ರ ಕೊನೆಗೆ ಗಣಿ ನಿಂತಿತು. ಸಾಲ ತೀರಿಸಲಾಗದ ಬೆಳೆಗಾರರ ತೋಟಗಳನ್ನು ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯಡಿ ಹರಾಜಿಗಿಡುವ ವಿವಾದವೂ ಹೀಗೆಯೇ. ಕೃಷಿ ಭೂಮಿಗೆ ಆ ಕಾಯ್ದೆಯ 31ನೇ ಕಲಮು ವಿನಾಯಿತಿ ಕೊಡುತ್ತದೆ. ಕಾಫಿ ತೋಟ ಕೃಷಿ ಭೂಮಿಯೋ ಅಲ್ಲವೋ? ನೋಟಿಸು ಬಂದು ಅಂಟುವುದು ಮೂಡಿಗೆರೆಯ ತೋಟದ ಗೇಟಿಗೆ, ವಾದ ನಡೆಯುವುದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ. ತನ್ನ ಊರಿಗೆ ಕೆಲಸಕ್ಕೆ ಬರಬೇಕೆನ್ನುವ ವಕೀಲ ಊರಿನಿಂದ 250 ಕಿಲೋಮೀಟರ್ ದೂರದ ಆ ಜಾಗವನ್ನೂ ಬಲ್ಲವನಾಗಿರಬೇಕು.

ಊರಿನಲ್ಲಿ ಇಂಟರ್ನ್ ಆಗುವುದರ ಒಂದು ತೊಡಕನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನಗೆ ಅದು ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಜೀವನಾಂಶದ ಕೇಸಿಗೆ ಬಂದ ಹೆಂಗಸು ಮಾತು ಶುರುಮಾಡುವ ಮೊದಲು ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂತ ಹುಡುಗಿಯನ್ನು ನೋಡಿ ಕೇಳುತ್ತಾಳೆ, “ನೀನು ಯಾರ ಮನೆಯವಳೇ?” ಹುಡುಗಿ ಊರು ಹೇಳುತ್ತಾಳೆ, ಅಪ್ಪನ ಹೆಸರು ಹೇಳುತ್ತಾಳೆ. ಆ ಊರು ಗಂಡನ ಮನೆಯ ಪಕ್ಕದ್ದು. ಅಲ್ಲಿಗೆ ಮಾತು ನಿಂತಿತು. “ನಾಳೆ ಬರ್ತೀನಿ ಸಾರ್” ಎಂದು ಎದ್ದು ಹೊರಟಳು. ಮಲೆನಾಡಿನಲ್ಲಿ ಎಲ್ಲರೂ ಎಲ್ಲರಿಗೂ ಯಾವುದೋ ದಾರಿಯಲ್ಲಿ ನೆಂಟರು. ಬೆಂಗಳೂರಿನಲ್ಲಿ ಇಂಟರ್ನ್ ಒಬ್ಬಳು ಅಪರಿಚಿತಳಾಗಿ ಕೂರಬಹುದು, ಇಲ್ಲಿ ಕೂರಲಾಗದು. ವಕೀಲ ಮತ್ತು ಕಕ್ಷಿದಾರರ ನಡುವಿನ ಗುಟ್ಟನ್ನು ಕಾಯುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ದುಭಾಷಿ, ವಕೀಲರ ಗುಮಾಸ್ತ ಮತ್ತು ನೌಕರರಿಗೂ ಅನ್ವಯಿಸುತ್ತದೆ. ಇಂಟರ್ನ್ ಎಂಬ ಮಾತು ಅದರಲ್ಲಿಲ್ಲ. ಸಂಬಳವಿಲ್ಲದೆ ಬಂದು ನಾಲ್ಕು ವಾರ ಕೂತು ಹೋಗುವ ವಿದ್ಯಾರ್ಥಿ ನೌಕರನೇ? ಕಾನೂನು ಸ್ಪಷ್ಟವಾಗಿ ಹೇಳದ ಕಡೆ ಸೀನಿಯರ್ ಹೇಳಬೇಕು. ಮೊದಲ ದಿನವೇ ಕೂರಿಸಿ ಹೇಳುವ, ಬರಹದಲ್ಲಿ ಒಪ್ಪಿಗೆ ಪಡೆಯುವ, ಕೌಟುಂಬಿಕ ಪ್ರಕರಣಗಳಲ್ಲಿ ಕಕ್ಷಿದಾರರನ್ನು ಕೇಳಿಯೇ ಇಂಟರ್ನ್ ಅನ್ನು ಒಳಗೆ ಬಿಡುವ ವಕೀಲರು ಇದ್ದಾರೆ. ಎಲ್ಲರೂ ಹಾಗಿಲ್ಲ.

ಇನ್ನು ವಕೀಲರ ಕಷ್ಟ. ಅವರಿಗೆ ಇಂಟರ್ನ್ ಎಂದರೆ ಉಚಿತವಾಗಿ ಸಿಕ್ಕ ಕೈಯಾಳು ಎಂಬ ಆರೋಪ ಸಾಮಾನ್ಯ. ಜೆರಾಕ್ಸ್ ತರಿಸುವುದು, ಟೀ ಹೇಳಿಸುವುದು, ಡೈರಿಯಲ್ಲಿ ಮುಂದಿನ ವಾಯಿದೆ ಬರೆಸುವುದು, ಅಷ್ಟೇ ಮಾಡಿಸಿ ಕೊನೆಗೆ ಪ್ರಮಾಣಪತ್ರಕ್ಕೆ ಸಹಿ ಹಾಕುವವರನ್ನು ನಾನೂ ಬಲ್ಲೆ. ಆದರೆ ಇನ್ನೊಂದು ಪಕ್ಕದಿಂದ ನೋಡಿ. ತಾಲ್ಲೂಕಿನ ವಕೀಲರ ಸಂಪಾದನೆ ಕಾಫಿ, ಮೆಣಸಿನ ದರದ ಜೊತೆ ಏರಿಳಿಯುತ್ತದೆ. ಒಬ್ಬ ವಿದ್ಯಾರ್ಥಿಗೆ ಒಂದು ಕಡತವನ್ನು ಸರಿಯಾಗಿ ವಿವರಿಸಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತಿನಲ್ಲಿ ಒಬ್ಬ ಕಕ್ಷಿದಾರನನ್ನು ಮಾತಾಡಿಸಿ ಕಳಿಸಬಹುದಿತ್ತು. ವಿದ್ಯಾರ್ಥಿ ಕೆಲಸಕ್ಕೆ ಬರುವ ಹೊತ್ತಿಗೆ ನಾಲ್ಕನೇ ವಾರ ಮುಗಿದಿರುತ್ತದೆ. ಸಮಯದ ಈ ನಷ್ಟವನ್ನು ಕಾಲೇಜು ತುಂಬಿಕೊಡುವುದಿಲ್ಲ, ಪರಿಷತ್ತೂ ತುಂಬಿಕೊಡುವುದಿಲ್ಲ.

ನಾಲ್ಕು ವಾರ ಸಾಲದೆಂಬ ಈ ಕಷ್ಟಕ್ಕೆ ಹಿಂದೆ ಬೇರೆಯೇ ಉತ್ತರವಿತ್ತು. 1961ರ ವಕೀಲರ ಕಾಯ್ದೆಯಲ್ಲಿ ಪದವಿಯ ನಂತರ, ನೋಂದಣಿಗೆ ಮೊದಲು ತರಬೇತಿ ಪಡೆಯಬೇಕೆಂಬ ಷರತ್ತಿತ್ತು. 1973ರ ತಿದ್ದುಪಡಿ ಅದನ್ನು ತೆಗೆಯಿತು. 1995ರಲ್ಲಿ ವಕೀಲರ ಪರಿಷತ್ತು ಒಂದು ವರ್ಷದ ತರಬೇತಿಯನ್ನು ನಿಯಮದ ಮೂಲಕ ಮತ್ತೆ ತಂದಿತು. 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪರಿಷತ್ತಿಗೆ ಆ ಅಧಿಕಾರವಿಲ್ಲವೆಂದು ರದ್ದುಮಾಡಿತು. 2023ರ ಫೆಬ್ರವರಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಬೋನಿ ಫೋಯಿ ಪ್ರಕರಣದಲ್ಲಿ ಸುಧೀರ್ ತೀರ್ಪು ಸರಿಯಲ್ಲವೆಂದಿತಾದರೂ ಆ ತರಬೇತಿಯ ವರ್ಷ ಮರಳಲಿಲ್ಲ. ಹೀಗೆ ಒಬ್ಬರ ಕೈಕೆಳಗೆ ಕೂತು ಕಲಿಯುವ ಒಂದು ಇಡೀ ವರ್ಷ ಹೋಗಿ, ಓದಿನ ನಡುವೆ ನಾಲ್ಕು ನಾಲ್ಕು ವಾರದ ತುಂಡುಗಳು ಉಳಿದವು. ಇಡೀ ವರ್ಷದ ಪದ್ಧತಿಯಲ್ಲಿ ಬಡವರ ಮಕ್ಕಳು ಇನ್ನೊಂದು ವರ್ಷ ಸಂಪಾದನೆಯಿಲ್ಲದೆ ಕಳೆಯಬೇಕಿತ್ತು ಎಂಬುದನ್ನೂ ಮರೆಯುವಂತಿಲ್ಲ.

ದುಡ್ಡಿನ ಮಾತು ಬಂದ ಮೇಲೆ ಅದನ್ನು ಪೂರ್ತಿ ಆಡಬೇಕು. 2024ರ ಅಕ್ಟೋಬರಿನಲ್ಲಿ ವಕೀಲರ ಪರಿಷತ್ತು ಜೂನಿಯರ್ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಶಿಫಾರಸು ಮಾಡಿತು. ಶಿಫಾರಸು ಮಾತ್ರ, ಅದೂ ನೋಂದಣಿಯಾದ ವಕೀಲರಿಗೆ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ಹಿರಿಯ ವಕೀಲರ ಬಳಿ ತರಬೇತಿ ಪಡೆಯಲು ರಾಜ್ಯ ಸರ್ಕಾರ ಕೊಡುವ ಶಿಷ್ಯವೇತನವೂ ಪದವಿಯ ನಂತರದ್ದು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ನೋಂದಣಿ ಶುಲ್ಕವನ್ನು 750 ರೂಪಾಯಿಗೆ, ಪರಿಶಿಷ್ಟರಿಗೆ 125 ರೂಪಾಯಿಗೆ ಇಳಿಸಿದ್ದೂ ಪದವಿಯ ನಂತರದ ನೆರವೇ. ಓದುತ್ತಿರುವಾಗಲೇ ಕಡ್ಡಾಯ ಮಾಡಿದ 12 ಅಥವಾ 20 ವಾರದ ಖರ್ಚನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಬೆಂಗಳೂರಿನಲ್ಲಿ ಒಂದು ತಿಂಗಳು ಇರಲು ಕೂಲಿ ಕುಟುಂಬವೊಂದು ಸಾಲ ಮಾಡಬೇಕು. ಊರಿನಲ್ಲೇ ಇದ್ದರೂ ಕಳಸದಿಂದ ಮೂಡಿಗೆರೆಗೆ ಕೊಟ್ಟಿಗೆಹಾರದ ಮೇಲೆ ಐವತ್ತು ಕಿಲೋಮೀಟರಿಗೂ ಹೆಚ್ಚಿನ ಹಾದಿ. ಮಹಿಳೆಯರಿಗೆ ಸಿಗುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ, ಈ ಕಡೆಯ ಹಳ್ಳಿ ದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಕೊಪ್ಪದ ಕಾರ್ಮಿಕರೇ ಕಟ್ಟಿ ನಡೆಸಿದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋಯಿತು. ಸಂಜೆ ಸೀನಿಯರ್ ಕಚೇರಿಯಲ್ಲಿ ಕಕ್ಷಿದಾರರ ಜೊತೆ ನಿಜವಾದ ಮಾತುಕತೆ ಶುರುವಾಗುವ ಹೊತ್ತಿಗೆ ಹೆಣ್ಣುಮಕ್ಕಳು ಕೊನೆಯ ಬಸ್ಸಿಗೆ ಓಡಬೇಕು. ಆ ಸಂಜೆಯ ಪಾಠ ಹುಡುಗರ ಪಾಲಿಗೆ ಹೋಗುತ್ತದೆ. ಇದು ನನ್ನನ್ನು ಬಹಳ ಕಾಡುತ್ತದೆ.

ತೂಗಿ ನೋಡಿದಾಗ ನನಗೆ ಅನ್ನಿಸುವುದು ಹೀಗೆ. ಈ ಸೀಮೆಯ ವಿದ್ಯಾರ್ಥಿಯ ಮೊದಲ ನಾಲ್ಕು ವಾರ ತಾಲ್ಲೂಕು ಕೋರ್ಟಿನಲ್ಲೇ ಕಳೆಯಬೇಕು. ಬೆಂಗಳೂರು ನಂತರ. ಮನುಷ್ಯನ ಬಾಯಿಂದ ಬಂದ ಸಂಗತಿ ವಾದಪತ್ರವಾಗುವುದನ್ನು ಒಮ್ಮೆ ನೋಡಿದವನು ಹೈಕೋರ್ಟಿನ ಕಡತ ಓದುವಾಗ ಅದರ ಹಿಂದಿನ ಹಳ್ಳ, ಬೇಲಿ, ಜಗಳವನ್ನೂ ಓದಬಲ್ಲ. ಮೊದಲೇ ಬೆಂಗಳೂರಿಗೆ ಹೋದವನಿಗೆ ತೀರ್ಪುಗಳು ಸಿಗುತ್ತವೆ, ಅವು ಹುಟ್ಟಿದ ಜಾಗ ಸಿಗುವುದಿಲ್ಲ. 2025ರ ಮೇ 20ರಂದು ಸುಪ್ರೀಂ ಕೋರ್ಟು, ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಲು ಮೂರು ವರ್ಷದ ವಕೀಲಿಕೆ ಬೇಕೆಂಬ ಷರತ್ತನ್ನು ಮರಳಿ ತಂದಿದೆ. ನ್ಯಾಯಾಧೀಶರಾಗುವ ಕನಸಿರುವ ನಮ್ಮ ಮಕ್ಕಳಲ್ಲಿ ಅನೇಕರು ಆ ಮೂರು ವರ್ಷವನ್ನು ಊರಿನ ಕೋರ್ಟಿನಲ್ಲೇ ಕಳೆಯಬೇಕಾಗಬಹುದು. ಯಾರ ಜೂನಿಯರ್ ಆಗಿ ಸೇರಬೇಕು, ಯಾರು ಕಲಿಸುತ್ತಾರೆ ಎಂದು ತಿಳಿಯಲು ಇಂಟರ್ನ್‌ಶಿಪ್‌ಗಿಂತ ಒಳ್ಳೆಯ ದಾರಿಯಿಲ್ಲ.

ಆದರೆ ಬರೀ ಮಕ್ಕಳಿಗೆ ಬುದ್ಧಿ ಹೇಳಿ ಕಳಿಸಿದರೆ ಆಗದು. 2008ರ ನಿಯಮಗಳಲ್ಲೇ ಇನ್ನೊಂದು ಮಾತಿದೆ: ಕನಿಷ್ಠ 10 ವರ್ಷ ಅನುಭವವಿರುವ, ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಲು ಒಪ್ಪುವ ವಕೀಲರ ಪಟ್ಟಿಯನ್ನು ಜಿಲ್ಲಾವಾರು ಸಿದ್ಧಪಡಿಸಿ ಕಾಲೇಜುಗಳಿಗೆ ತಲುಪಿಸಬೇಕು. ಈ ಪಟ್ಟಿ ಚಿಕ್ಕಮಗಳೂರು ಜಿಲ್ಲೆಯ ಪ್ರತಿ ತಾಲ್ಲೂಕಿಗೂ ಇದ್ದು, ಅದರಲ್ಲಿ ಮಹಿಳಾ ವಕೀಲರ ಹೆಸರೂ ಸಾಕಷ್ಟಿದ್ದರೆ ಪರಿಚಯದವರಿಲ್ಲದ ಕೂಲಿ ಮನೆಯ ಹುಡುಗಿಯೂ ಫೋನು ಮಾಡಿ ಕೇಳಬಹುದು. ಈಗ ಕೇಳುವುದು ಅಪ್ಪನಿಗೆ ವಕೀಲರ ಗುರುತಿರುವವರು. ಖರ್ಚಿನ ಒಂದು ಪಾಲನ್ನು ಕಾನೂನು ಸೇವಾ ಪ್ರಾಧಿಕಾರ ಹೊರಬಹುದು. ಕಾನೂನು ಕಾಲೇಜುಗಳ ನೆರವು ಕೇಂದ್ರಗಳ, ಅರೆಕಾನೂನು ಸ್ವಯಂಸೇವಕರ ವ್ಯವಸ್ಥೆ ಅದರಡಿ ಈಗಾಗಲೇ ಇದೆ. ಲೈನ್ ಮನೆಗಳಿಗೆ ಹೋಗಿ ಪರಿಹಾರದ ಅರ್ಜಿ ಬರೆದುಕೊಡುವ ಕೆಲಸವನ್ನು ನಾಲ್ಕು ವಾರದ ಭಾಗವಾಗಿ ಲೆಕ್ಕ ಹಿಡಿದರೆ ವಿದ್ಯಾರ್ಥಿಗೂ ಕಲಿಕೆ, ಪ್ರಾಧಿಕಾರಕ್ಕೂ ಕೆಲಸ, ಸೀನಿಯರ್ ಮೇಲೂ ಭಾರ ಕಡಿಮೆ.

ಎರಡು ವಿಚಾರಣೆ ಪೂರ್ತಿ ನೋಡಬೇಕೆಂಬ ಷರತ್ತನ್ನು ಸಡಿಲಿಸಿ, ಒಂದೇ ಪ್ರಕರಣದ ಕಡತವನ್ನು ಮೊದಲ ನೋಟಿಸಿನಿಂದ ಹಿಡಿದು ಓದಿ, ನೋಡಿದ ಒಂದು ಪಾಟಿಸವಾಲಿನ ಬಗ್ಗೆ ತನ್ನದೇ ಮಾತಿನಲ್ಲಿ ಬರೆದರೆ ಅಂಕ ಕೊಡುವುದು ಹೆಚ್ಚು ಪ್ರಾಮಾಣಿಕ. ನಾಲ್ಕು ವಾರವನ್ನು ಯಾವಾಗ ಇಡಬೇಕು ಎಂಬುದೂ ಮುಖ್ಯ. ಬೇಸಿಗೆ ರಜೆ ಮುಗಿದು ಕೋರ್ಟು ತೆರೆದಿರಬೇಕು, ಆಗಸ್ಟಿನ ಗುಡ್ಡ ಕುಸಿಯುವ ಮಳೆ ಇಳಿದಿರಬೇಕು, ಕೊಯ್ಲು ಶುರುವಾಗಿರಬಾರದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅಂಥ ಕೆಲವು ವಾರಗಳು ಸಿಗುತ್ತವೆ, ದಸರಾ ರಜೆಯನ್ನು ಕಳೆದರೂ. ಆ ವಾರಗಳಲ್ಲಿ ತರಗತಿಯಿಂದ ಬಿಡುವು ಕೊಡುವುದು ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ವೇಳಾಪಟ್ಟಿ ಮಾಡುವವರ ಕೈಯಲ್ಲಿದೆ, ಅದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ.